ಕೆರೆ ಏರಿಯ ಶಾಸನ ಓದಲು ಹಿಡಿದ ಎಂಟು ತಿಂಗಳು

2024ರ ಭೀಮನ ಅಮಾವಾಸ್ಯೆಯ ರಾತ್ರಿ ಯಾರೋ ನಮ್ಮ ಶಾಲೆಯ ಊರಿನ ಕೆರೆ ಏರಿಯಲ್ಲಿ ಗುಂಡಿ ತೋಡಿದರು. ಅಲ್ಲೊಂದು ಪಾಳುಬಿದ್ದ ಈಶ್ವರನ ಗುಡಿ ಇದೆ, ಅದರ ಎಡಕ್ಕೆ ಆಳೆತ್ತರದ ಶಾಸನದ ಕಲ್ಲು. ಬೆಳಿಗ್ಗೆ ಮಕ್ಕಳು ಬಂದು ಹೇಳಿದ ಮೇಲೆ ಹೋಗಿ ನೋಡಿದೆ. ಕಲ್ಲಿನ ಬುಡದಲ್ಲಿ ಮೊಣಕಾಲುದ್ದದ ಹಳ್ಳ, ಕೊಯ್ದ ನಿಂಬೆಹಣ್ಣು, ಕುಂಕುಮ, ಮುರಿದ ಗುದ್ದಲಿ ಕಾವು. ಕಲ್ಲು ಕೆರೆಯ ಕಡೆಗೆ ವಾಲಿತ್ತು.

"ನಿಧಿ ಎಲ್ಲೈತೆ ಅಂತ ಅದ್ರಲ್ಲಿ ಬರ್ದವ್ರಂತೆ ಟೀಚರಮ್ಮ," ಅಂದರು ಏರಿ ಮೇಲೆ ಹಸು ಮೇಯಿಸುತ್ತಿದ್ದ ಗೌಡರು.

"ಯಾರಾದ್ರೂ ಓದಿದ್ದಾರಾ ಗೌಡ್ರೇ?"

"ನಮ್ಮ ಮುತ್ತಾತನ ಕಾಲ್ದಲ್ಲಿ ದೊರೆಗಳ ಕಡೆಯೋರು ಬಂದು ಕಾಗದ ಮೆತ್ತಿ ಅಚ್ಚು ತಕ್ಕೊಂಡು ಹೋದ್ರಂತೆ. ಏನೈತೆ ಅಂತ ನಮ್ಗೆ ಮಾತ್ರ ಯಾರೂ ಹೇಳ್ಲಿಲ್ಲ."

ಆ ಮಾತು ಮನೆಗೆ ಬಂದ ಮೇಲೂ ಬಿಡಲಿಲ್ಲ. ನಾನು ಬೇಲೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹದಿನಾರು ವರ್ಷದಿಂದ ಕನ್ನಡ ಕಲಿಸುತ್ತಿದ್ದೇನೆ. ನಮ್ಮ ತಾಲ್ಲೂಕಿನದೇ ಹಲ್ಮಿಡಿ. ಕ್ರಿ.ಶ. 450ರ ಸುಮಾರಿನ ಹದಿನಾರು ಸಾಲಿನ ಆ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು, ಅದು ಕನ್ನಡದ ಹಳೆಯ ಶಾಸನಗಳಲ್ಲಿ ಒಂದು ಎನ್ನುವುದು, ಇವೆಲ್ಲ ನನ್ನ ಮಕ್ಕಳಿಗೆ ಬಾಯಿಪಾಠ. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಹಲ್ಮಿಡಿಯಲ್ಲಿ ಇರುವುದು ಅದರ ಪ್ರತಿರೂಪ. ಕಾಪಾಡುವುದಕ್ಕೆ ಕೊಂಡೊಯ್ದರು, ಸರಿ. ಆದರೆ ಶಾಲೆಯಿಂದ ಹತ್ತು ನಿಮಿಷ ನಡೆದರೆ ಸಿಗುವ, ಇನ್ನೂ ಊರಲ್ಲೇ ನಿಂತಿರುವ ಕಲ್ಲಿನಲ್ಲಿ ಏನಿದೆ ಎಂದು ಯಾವ ಮಗುವಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಎಲ್ಲೋ ಒಂದು ಕಡೆ ಅಚ್ಚಾಗಿದೆ ಎಂಬುದು ಮಾತ್ರ ಗೊತ್ತಿತ್ತು. ಗೌಡರು ಹೇಳಿದ 'ದೊರೆಗಳು' ಎಂದರೆ ಬಿ.ಎಲ್. ರೈಸ್ ಅವರ ಪುರಾತತ್ವ ಇಲಾಖೆಯವರು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಮೈಸೂರು ಸಂಸ್ಥಾನದ ಊರೂರಿನ ಕಲ್ಲುಗಳನ್ನು ಓದಿಸಿ, ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಹನ್ನೆರಡು ಸಂಪುಟಗಳಲ್ಲಿ ತಂದರು. ಐದನೇ ಸಂಪುಟ ಹಾಸನ ಜಿಲ್ಲೆಯದು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಗಿ 1902ರಲ್ಲಿ ಹೊರಬಂತು.

ಮೊದಲ ಪ್ರಯತ್ನ ಒಂದು ಗ್ರಂಥಾಲಯದಲ್ಲಿ. ಪುಸ್ತಕ ಇದೆ, ಗಾಜಿನ ಬೀರುವಿನೊಳಗೆ ಬೆನ್ನು ಕಾಣುತ್ತಿದೆ, ಬೀಗದ ಕೈ ಇರುವವರು ರಜದಲ್ಲಿದ್ದಾರೆ. ಎರಡನೇ ಸಲ ಹೋದಾಗ ಬೀಗದ ಕೈ ಇತ್ತು, ಆದರೆ ನಮ್ಮ ಮುಖ್ಯೋಪಾಧ್ಯಾಯರ ಪತ್ರ ಬೇಕು ಅಂದರು. ಮೂರನೇ ಸಲ ಪತ್ರ ಒಯ್ದೆ. ತೆರೆದು ನೋಡಿದರೆ ಅದು ಬೇರೆ ಸಂಪುಟ. ಅಲ್ಲಿನ ಸಹಾಯಕರು ಒಳ್ಳೆಯವರು, ಕಾಫಿ ತರಿಸಿ ಕೊಟ್ಟು, "ಮೇಡಂ, ಇದನ್ನ ಕೇಳ್ಕೊಂಡು ಬಂದೋರು ನಾನು ಬಂದ್ಮೇಲೆ ನೀವೇ ಮೊದಲು" ಅಂದರು. ನಾನು ಅವರನ್ನು ದೂರುತ್ತಿಲ್ಲ. ಬೇಲೂರಿನಿಂದ ಹಾಸನಕ್ಕೆ ಮೂರು ಶನಿವಾರ ಬಸ್ಸಿನಲ್ಲಿ ಹೋಗಿಬರುವುದು ಸಂಬಳ ಬರುವ ನನ್ನಿಂದಾಯಿತು, ನಮ್ಮ ಗೌಡರಿಂದ ಆಗುತ್ತಿತ್ತೇ? ಊರಿನ ಕಲ್ಲಿನ ಮಾತು ಕೇಳಲು ಊರಿನವರು ಪತ್ರ ತರಬೇಕೇ?

ಆಮೇಲೆ ಇಂಟರ್ನೆಟ್ಟು. ಹೊಯ್ಸಳರ ಕಾಲದ ಕೆರೆ ದತ್ತಿಗಳ ಮೇಲೆ ಒಂದು ಸಂಶೋಧನಾ ಲೇಖನ ಇದೆ ಎಂದು ಕಂಡಿತು, ಸಾರಾಂಶದಲ್ಲಿ ನಮ್ಮ ತಾಲ್ಲೂಕಿನ ಹೆಸರೂ ಇತ್ತು. ಒತ್ತಿದರೆ ದುಡ್ಡು ಕೇಳುವ ಪುಟ. ಇಪ್ಪತ್ತು ಪುಟದ ಒಂದೇ ಒಂದು ಲೇಖನಕ್ಕೆ ನಮ್ಮ ದುಡ್ಡಿನಲ್ಲಿ ಮೂರೂವರೆ ಸಾವಿರ ರೂಪಾಯಿ ಹತ್ತಿರ. ಬರೆದ ವಿದ್ವಾಂಸರಿಗೆ ಅದರಲ್ಲಿ ಒಂದು ಪೈಸೆಯೂ ಹೋಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಇಂಥ ಜರ್ನಲ್‌ಗಳಿಗೆ ಲೇಖನ ಕೊಡುವವರಿಗೂ ಅದನ್ನು ಪರಿಶೀಲಿಸಿ ಕೊಡುವ ಪ್ರಾಧ್ಯಾಪಕರಿಗೂ ಸಾಮಾನ್ಯವಾಗಿ ಪ್ರಕಾಶಕರು ಏನೂ ಕೊಡುವುದಿಲ್ಲ. ವಿದ್ವಾಂಸರು ದುಡ್ಡು ಬಯಸದೆ ಬರೆದುಕೊಡುವ ಸಂಶೋಧನಾ ಲೇಖನಗಳು ಎಲ್ಲರಿಗೂ ಮುಕ್ತವಾಗಿ ಸಿಗಬೇಕು ಎಂದು ಜಗತ್ತಿನ ವಿದ್ವಾಂಸರು ಬುಡಾಪೆಸ್ಟ್ ಘೋಷಣೆಯಲ್ಲಿ ಕೇಳಿದ್ದು 2002ರಲ್ಲಿ. ಇಪ್ಪತ್ತೆರಡು ವರ್ಷವಾದ ಮೇಲೂ ನಾನು ಆ ಬಾಗಿಲ ಹೊರಗೇ ನಿಂತಿದ್ದೆ.

ಆ ನವೆಂಬರಿನಲ್ಲೇ ಕೇಂದ್ರ ಸರ್ಕಾರ, ತಾನೇ ಚಂದಾ ಕಟ್ಟಿ ಇಂಥ ಜರ್ನಲ್‌ಗಳನ್ನು ಓದಲು ಕೊಡುವ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟ ಸುದ್ದಿ ಓದಿ ಕುಣಿದಾಡುವಷ್ಟು ಖುಷಿಯಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಮೂವತ್ತು ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 2025ರ ಜನವರಿ 1ರಿಂದ ಶುರು. ಆಮೇಲೆ ಪೂರ್ತಿ ಓದಿದೆ. ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ, ಸಂಶೋಧನಾ ಸಂಸ್ಥೆಗಳಿಗೆ. ಹಾಸನದ ಸರ್ಕಾರಿ ಕಾಲೇಜಿನ ಹುಡುಗಿಗೆ ಬಾಗಿಲು ತೆರೆಯಿತು, ಅದು ದೊಡ್ಡ ಸಂಗತಿ, ಸಣ್ಣದು ಎನ್ನಲಾರೆ. ಹೈಸ್ಕೂಲು ಮೇಡಂಗೆ, ಊರಿನ ಗ್ರಂಥಾಲಯಕ್ಕೆ, ಓದಬೇಕು ಅನ್ನಿಸಿದ ರೈತನಿಗೆ ಅದು ಮುಚ್ಚಿಯೇ ಇದೆ. ಆ ಲೇಖನವನ್ನು ಕೊನೆಗೆ ಬರೆದವರೇ ಕಳಿಸಿಕೊಟ್ಟರು. ಕನ್ನಡದಲ್ಲಿ ನಾಲ್ಕು ಸಾಲು ಮೇಲ್ ಹಾಕಿದ್ದೆ, ಮಾರನೇ ದಿನವೇ ಬಂತು. ಕೇಳಿದರೆ ಕೊಡುವ ಮನಸ್ಸು ಬಹಳ ವಿದ್ವಾಂಸರಿಗೆ ಇದೆ, ಸಂಕೋಚ ಬಿಟ್ಟು ಕೇಳಿ.

ರೈಸ್ ಸಂಪುಟ ಸಿಕ್ಕಿದ್ದು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲ ಗ್ರಂಥಾಲಯದಲ್ಲಿ. ಪತ್ರ ಬೇಡ, ಬೀಗ ಬೇಡ, ದುಡ್ಡು ಬೇಡ. ಇದು ಕದ್ದ ಮಾಲೂ ಅಲ್ಲ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ, ಸರ್ಕಾರದ ಪ್ರಕಟಣೆಯಾದರೆ ಪ್ರಕಟವಾದ ಮರುವರ್ಷದಿಂದ ಅರವತ್ತು ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆಮೇಲೆ ಅದು ಎಲ್ಲರ ಸ್ವತ್ತು. ರೈಸ್ ತೀರಿಕೊಂಡದ್ದು 1927ರಲ್ಲಿ. ಯಾವ ಲೆಕ್ಕ ಹಾಕಿದರೂ ಈ ಪುಸ್ತಕ ಎಂದೋ ನಮ್ಮದಾಗಿದೆ. ನಮ್ಮದಾಗಿರುವುದು ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಕಲ್ಲು ಹುಡುಕಲು ಎರಡು ರಾತ್ರಿ ಹಿಡಿಯಿತು. ಊರಿನ ಹೆಸರಿಗೆ ಆಗಿನವರು ಬರೆದ ಇಂಗ್ಲಿಷ್ ಕಾಗುಣಿತ ಈಗಿನದಲ್ಲ. ಆದರೆ ಪ್ರತಿ ಶಾಸನದ ತಲೆಯಲ್ಲೂ ಕಲ್ಲು ಎಲ್ಲಿದೆ ಎಂದು ಕೊಟ್ಟಿದ್ದಾರೆ. ಈಶ್ವರನ ಗುಡಿ, ಎಡಗಡೆ, ಕೆರೆ ಎಂದು ಹೊಂದಿಸುತ್ತ ಹೋಗಿ ಎರಡನೇ ರಾತ್ರಿ ಹನ್ನೊಂದೂವರೆಗೆ ಸಿಕ್ಕಿತು. ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಇವೆ. ಮನೆಯವರನ್ನು ಎಬ್ಬಿಸಿ ಓದಿ ಹೇಳಿದೆ.

ನಿಧಿ ಇಲ್ಲ. ತಲಕಾಡು ಗೊಂಡ ಭುಜಬಳ ವೀರಗಂಗ ವಿಷ್ಣುವರ್ಧನ ಹೊಯ್ಸಳದೇವರು ಆಳುತ್ತಿದ್ದಾಗ, ಊರಿನ ಒಬ್ಬ ಗಾವುಂಡ ಕೆರೆ ಕಟ್ಟಿಸಿ ಈಶ್ವರನನ್ನು ಸ್ಥಾಪಿಸಿದ. ದೇವರ ದೀಪಕ್ಕೆ ತೂಬಿನ ಕೆಳಗೆ ಎರಡು ಸಲಗೆ ಗದ್ದೆ, ಏರಿ ಕುಸಿದರೆ ರಿಪೇರಿ ಮಾಡಿಸಲು ಬಿತ್ತುವಟ್ಟ ಎಂದು ಬೇರೆ ಭೂಮಿ. ಬಿತ್ತುವಟ್ಟ ಎಂದರೆ ಕೆರೆಯ ಖರ್ಚಿಗೆಂದೇ ಬಿಟ್ಟ ಹೊಲ. ಆಮೇಲೆ ನಾಲ್ಕು ದಿಕ್ಕಿನ ಎಲ್ಲೆ. ಕೊನೆಗೆ ನಮ್ಮ ಸೀಮೆಯ ಎಷ್ಟೋ ಕಲ್ಲುಗಳಲ್ಲಿ ಕಾಣುವ ಅದೇ ಶ್ಲೋಕ, ಸ್ವದತ್ತಾಂ ಪರದತ್ತಾಂ ವಾ: ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ.

ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನು, ಯಾರೂ ಅರ್ಜಿ ಹಾಕದೆಯೇ ಕಚೇರಿಗಳು ತಮ್ಮ ಲೆಕ್ಕಪತ್ರ ಜನರ ಮುಂದಿಡಬೇಕು ಎನ್ನುತ್ತದೆ. ನಮ್ಮ ಗಾವುಂಡ ಅದನ್ನೇ ಮಾಡಿದ್ದ. ದತ್ತಿ ಯಾವುದಕ್ಕೆ, ಎಷ್ಟು, ಎಲ್ಲಿಂದ ಎಲ್ಲಿಗೆ ಎಂಬುದನ್ನು ಜನ ದಿನಾ ಓಡಾಡುವ ಏರಿಯ ಮೇಲೆ ನಿಲ್ಲಿಸಿದ್ದ.

ತೇದಿ ಓದುವಾಗ ಇನ್ನೊಂದು ಬೆರಗು ಕಾದಿತ್ತು. ಶಕ ವರ್ಷ 1047, ವಿಶ್ವಾವಸು ಸಂವತ್ಸರ. ಶಕಕ್ಕೆ 78 ಸೇರಿಸಿದರೆ ಕ್ರಿ.ಶ. 1125. ಅಡುಗೆಮನೆಯಲ್ಲಿ ತೂಗುಹಾಕಿದ್ದ ಪಂಚಾಂಗ ನೋಡಿದೆ. ಬರುವ ಯುಗಾದಿಗೆ, 2025ರ ಮಾರ್ಚ್ 30ಕ್ಕೆ, ಶುರುವಾಗುವುದೂ ವಿಶ್ವಾವಸುವೇ! ಅರವತ್ತು ವರ್ಷದ ಹದಿನೈದು ಸುತ್ತು ಮುಗಿದು ಆ ಹೆಸರಿನ ಸಂವತ್ಸರ ಮತ್ತೆ ಬರುತ್ತಿತ್ತು, ಸರಿಯಾಗಿ ಒಂಬೈನೂರು ವರ್ಷಕ್ಕೆ. ಯುಗಾದಿಯ ಹೊತ್ತಿಗೆ ಇದನ್ನು ಊರಿನವರ ಮುಂದೆ ಓದಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಆದರೆ ಸಿಕ್ಕಿದ್ದು ಪುಟದ ಫೋಟೋ. ಚಿತ್ರದೊಳಗಿನ ಅಕ್ಷರವನ್ನು ಹುಡುಕಲಾಗದು, ಅಲ್ಲಿಂದ ಎತ್ತಿ ಇನ್ನೊಂದು ಕಡೆ ಇಡಲಾಗದು. ಪಕ್ಕದ ಊರಿನ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನ್ನ ಗೆಳೆಯರೊಬ್ಬರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಫೋನು ಓದಿ ಹೇಳುವುದನ್ನು ಕೇಳಿಯೇ ಅವರ ಓದು. ಖುಷಿಯಿಂದ ಫೈಲು ಕಳಿಸಿದೆ. "ಮೇಡಂ, ನೀವು ಕಳಿಸಿದ್ದು ನನ್ನ ಫೋನಿಗೆ ಖಾಲಿ ಹಾಳೆ," ಅಂದರು. ಬೀರುವಿನ ಗಾಜಿನ ಮುಂದೆ ನನಗಾಗಿದ್ದೇ ನನ್ನಿಂದ ಅವರಿಗಾಯಿತು. ಕಣ್ಣು ಕಾಣದವರಿಗೆ ಪುಸ್ತಕ ಮುಟ್ಟಿಸಲು ಹಕ್ಕುಸ್ವಾಮ್ಯ ಅಡ್ಡ ಬರಬಾರದು ಎಂಬ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊದಲು ಅಂಗೀಕರಿಸಿದ ದೇಶ ನಮ್ಮದು, 2014ರಲ್ಲಿ. ಅದನ್ನು ಹೇಳಿದವರೂ ಅವರೇ. "ಕಾನೂನು ಬಾಗಿಲು ತೆಗೆದಿದೆ, ಒಳಗೆ ಅಕ್ಷರ ಇಡೋರು ಬೇಕು," ಅಂದರು.

ಮೊದಲು ಹಾಸನದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪು ಮಾಡಿಸಿ ನೂರೈವತ್ತು ರೂಪಾಯಿ ಕೊಟ್ಟೆ. ಅವರದು ಹಳೆಯ ನುಡಿ ಫಾಂಟು. ಕಾಗದದ ಮೇಲೆ ಚೆನ್ನಾಗಿ ಬಂತು, ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಯೂನಿಕೋಡ್ ಎಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರಗಳ ಪಟ್ಟಿ. ಅದರಲ್ಲಿ ಇಲ್ಲದ ಕನ್ನಡ ಹೀಗೇ, ಆ ಒಂದು ಕಂಪ್ಯೂಟರಿನ ಆಚೆ ಅದು ಕನ್ನಡವೇ ಅಲ್ಲ. ನಮ್ಮ ಭಾಷೆಯ ಎಷ್ಟೊಂದು ಬರಹ ಇವತ್ತಿಗೂ ಅಂಗಡಿಗಳ ಹಾರ್ಡ್ ಡಿಸ್ಕಿನಲ್ಲಿ ಹೀಗೆ ಕೊಳೆಯುತ್ತಿದೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಕನ್ನಡ ವಿಕಿಸೋರ್ಸಿಗೆ ಬಂದೆ. ವಿಕಿಪೀಡಿಯಾದ ಒಡಹುಟ್ಟು ಅದು, ಹಕ್ಕುಸ್ವಾಮ್ಯ ಮುಗಿದ ಅಥವಾ ಮುಕ್ತವಾಗಿ ಬಿಟ್ಟುಕೊಟ್ಟ ಪುಸ್ತಕಗಳನ್ನು ಅಕ್ಷರಕ್ಕಕ್ಷರ ಯೂನಿಕೋಡಿನಲ್ಲಿ ಇಡುವ ಜಾಗ. ಖಾತೆ ತೆರೆಯಲು ಎರಡು ನಿಮಿಷ ಸಾಕು. ಒಂದು ಪಕ್ಕದಲ್ಲಿ ಪುಟದ ಚಿತ್ರ, ಇನ್ನೊಂದು ಪಕ್ಕದಲ್ಲಿ ಬರೆಯುವ ಜಾಗ. ಗುಂಡಿ ಒತ್ತಿದರೆ ಯಂತ್ರವೇ ಚಿತ್ರ ನೋಡಿ ಅಕ್ಷರ ಬಿಡಿಸಿ ಕೊಡುತ್ತದೆ, ತಿದ್ದುವುದು ನಮ್ಮ ಪಾಲು. ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಮತ್ತೊಬ್ಬರು ನೋಡಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ. ಈ ನಿಯಮ ನನಗೆ ಬಹಳ ಹಿಡಿಸಿತು. ಎರಡು ಜೊತೆ ಕಣ್ಣು ಬೀಳದೆ ಪುಟ ಮುಗಿಯುವುದಿಲ್ಲ.

ಇಂದಿನ ಕಾದಂಬರಿಯ ಪುಟವನ್ನು ಯಂತ್ರ ಚೆನ್ನಾಗಿಯೇ ಓದುತ್ತದೆ. 1902ರ ಮೊಳೆ ಜೋಡಿಸಿದ ಅಚ್ಚು, ಅದರ ಮೇಲೆ ಶಾಸನದ ಭಾಷೆ, ಎರಡೂ ಸೇರಿದಾಗ ಅದರ ಕೈ ಸೋತಿತು. ಒತ್ತಕ್ಷರ ಇರುವಲ್ಲೆಲ್ಲ ತಪ್ಪು. 'ಮಲೆಪರೊಳ್ಗಂಡ' ಎಂಬ ಹೊಯ್ಸಳ ಬಿರುದು ಮೂರು ತುಂಡಾಗಿ ಬಂತು. ಕೆರೆ ಎಂಬುದು ಕಲ್ಲಿನಲ್ಲಿ 'ಕೆಱೆ', ಗದ್ದೆ ಎಂಬುದು 'ಗೞ್ದೆ'. ಈ ಎರಡು ಅಕ್ಷರಗಳನ್ನು ಯಂತ್ರ ಗುರುತಿಸಲೇ ಇಲ್ಲ, ನನ್ನ ಫೋನಿನ ಕೀಲಿಮಣೆಯಲ್ಲೂ ಅವು ಇರಲಿಲ್ಲ. ಇನ್ನೊಂದು ಕಡೆಯಿಂದ ನಕಲು ಮಾಡಿ ತಂದು ಅಂಟಿಸುತ್ತಿದ್ದೆ. ಹುಡುಕುತ್ತ ಹೋದಾಗ ತಿಳಿಯಿತು: ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ೞ ಅಕ್ಷರಕ್ಕೆ ಇಟ್ಟಿರುವ ಹೆಸರು 'ಫ'! ತಪ್ಪು ಎಂದು ಅವರೇ ಟಿಪ್ಪಣಿ ಹಾಕಿದ್ದಾರೆ, ಆದರೆ ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲ ಎಂಬುದು ಅವರ ನಿಯಮ. ಅಕ್ಷರಗಳ ಪಟ್ಟಿ ಮಾಡುವ ಕಡೆ ಆ ಭಾಷೆಯವರು ಕೂತಿರಬೇಕು ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಊರಿನ ಶಾಸನ ಇದ್ದದ್ದು ಎರಡು ಪುಟ. ಮುಗಿದ ಮೇಲೆ ಕೈ ಸುಮ್ಮನಿರಲಿಲ್ಲ, ಅಕ್ಕಪಕ್ಕದ ಊರುಗಳದನ್ನೂ ಹಿಡಿದೆ. ಸಂಕ್ರಾಂತಿ ಹೊತ್ತಿಗೆ ಹದಿನಾಲ್ಕು ಪುಟ ಆದವು. ರಾತ್ರಿ ಊಟವಾದ ಮೇಲೆ ಗೆಳೆಯರಿಗೆ ಕೊಂಡಿ ಕಳಿಸುವುದು, ಅವರು ಕೇಳಿ ಫೋನು ಮಾಡುವುದು. ಕಣ್ಣಿಗೆ ತಪ್ಪಿಸಿಕೊಂಡದ್ದು ಅವರ ಕಿವಿಗೆ ಸಿಕ್ಕಿಬೀಳುತ್ತಿತ್ತು. "ಆರನೇ ಸಾಲಲ್ಲಿ 'ದೇವರ' ಅಂತಿದೆ, ಅದು 'ದೇವರು' ಇರಬೇಕು ನೋಡಿ." ನೋಡಿದರೆ ಹೌದು, ಚಿತ್ರದಲ್ಲಿ ಕೊಂಬು ಮಸುಕಾಗಿತ್ತು. ನೂರಿಪ್ಪತ್ತು ವರ್ಷದ ಹಿಂದೆ ಅಚ್ಚಾದ ಪುಸ್ತಕ ಅವರ ಫೋನಿನಲ್ಲಿ ಕನ್ನಡ ಮಾತಾಡಿದ ಮೊದಲ ದಿನ ಅವರು ಪೂರ್ತಿ ಕೇಳಿ ಮುಗಿಸುವ ತನಕ ನಾನು ಫೋನು ಇಡಲಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ರೈಸ್ ಕಾಲದ ಓದಿನಲ್ಲಿ ತಪ್ಪುಗಳಿವೆ. ಮೈಸೂರು ವಿಶ್ವವಿದ್ಯಾಲಯ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದು ಅವನ್ನು ತಿದ್ದಿದೆ, ದೊಡ್ಡ ಕೆಲಸ ಅದು. ಆ ಸಂಪುಟಗಳ ಹಕ್ಕುಸ್ವಾಮ್ಯ ಮುಗಿಯಲು ಇನ್ನೂ ಕಾಲವಿದೆ. ಅಂದರೆ ತಪ್ಪಿರುವ ಹಳೆಯ ಪಾಠ ಎಲ್ಲರದು, ತಿದ್ದಿದ ಹೊಸ ಪಾಠ ಇನ್ನೂ ಅಲ್ಲ. ಇದೇ ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದೆ, ಅದರಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಹಂಚಬಹುದು. ಶಾಸನ ಸಂಪುಟಗಳಿಗೂ ಆ ಭಾಗ್ಯ ಬರಲಿ ಎಂದು ಕನ್ನಡದ ಮೇಡಂ ಒಬ್ಬಳು ಕೈಮುಗಿದು ಕೇಳುತ್ತಿದ್ದಾಳೆ ಎಂದುಕೊಳ್ಳಿ.

ಯುಗಾದಿಯ ಸಂಜೆ ಏರಿಯ ಮೇಲೆ ಐವತ್ತು ಅರವತ್ತು ಜನ ಸೇರಿದ್ದರು. ಅಷ್ಟರಲ್ಲಿ ಊರ ಹುಡುಗರು ಕಲ್ಲನ್ನು ನೆಟ್ಟಗೆ ನಿಲ್ಲಿಸಿ ಗುಂಡಿ ಮುಚ್ಚಿದ್ದರು. ಸುಣ್ಣ ಬಳಿಯುತ್ತೇವೆ ಅಂದಿದ್ದರು, ಬೇಡವೆಂದು ಬರೀ ನೀರು ಹಾಕಿ ಮೆತ್ತನೆಯ ಬ್ರಷ್ಷಿನಲ್ಲಿ ತೊಳೆಸಿದ್ದೆ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರಕ್ಕೂ ನೆರಳು ಬಿದ್ದು ಎದ್ದು ಕಾಣುತ್ತದೆ. ಹತ್ತನೇ ಕ್ಲಾಸಿನ ಹುಡುಗಿ ಟಾರ್ಚು ಹಿಡಿದಳು, ಒಂಬತ್ತನೇ ಕ್ಲಾಸಿನವಳು ನಮ್ಮ ಪುಟದಿಂದ ಸಾಲು ಸಾಲಾಗಿ ಓದಿದಳು, ನಾನು ಈಗಿನ ಕನ್ನಡದಲ್ಲಿ ಹೇಳಿದೆ. ಮೇಲ್ಗಡೆ ಕೊರೆದ ಸೂರ್ಯ, ಚಂದ್ರ, ಲಿಂಗ, ಹಸು ಕರು ಏಕೆ ಎಂದು ಕೇಳಿದರು. ಸೂರ್ಯಚಂದ್ರರಿರುವ ತನಕ ಈ ದತ್ತಿ ನಡೆಯಲಿ ಎಂದು, ಅಂದೆ. ಶಾಪದ ಸಾಲಿಗೆ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಿಧಿಯ ಮಾತು ಯಾರೂ ಎತ್ತಲಿಲ್ಲ.

ಎಲ್ಲೆಯ ಸಾಲು ಬಂತು. ಮೂಡಲು ಹಳ್ಳ, ಬಡಗಲು ಹಿರಿಯ ದಾರಿ, ಹಡುವಲು ಕೆಱೆಯ ಏರಿ. "ತೆಂಕಲು ಬಸ..." ಎಂದು ಹುಡುಗಿ ನಿಲ್ಲಿಸಿದಳು. ಪುಸ್ತಕದಲ್ಲಿ ಅಲ್ಲಿ ಬರೀ ಚುಕ್ಕಿ. ಅಚ್ಚು ತೆಗೆದವರಿಗೆ ಅಕ್ಷರ ಕಂಡಿರಲಿಲ್ಲ, ಚುಕ್ಕಿ ಇಟ್ಟು 'ಕಟ್ಟೆ' ಎಂದು ಮುಂದೆ ಹೋಗಿದ್ದರು.

"ತೆಂಕಲು ಅಂದ್ರೆ ಯಾವ ಕಡೆ ಟೀಚರಮ್ಮ?" ಹಿಂದಿನಿಂದ ಗೌಡರು ಕೇಳಿದರು.

"ದಕ್ಷಿಣ."

"ಹಂಗಾದ್ರೆ ಬಸ್ರಿಕಟ್ಟೆ. ಬಸರಿ ಮರ ನಾನು ಹುಟ್ಟೋಕ್ ಮುಂಚೆನೇ ಹೋಯ್ತು. ಆ ಗದ್ದೆ ಬಯಲಿಗೆ ಈಗ್ಲೂ ಬಸ್ರಿಕಟ್ಟೆ ಅಂತ್ಲೇ ಅಂತೀವಿ."

ಹುಡುಗಿ ಟಾರ್ಚನ್ನು ಇನ್ನಷ್ಟು ಓರೆ ಮಾಡಿದಳು. 'ಸ'ದ ಪಕ್ಕದಲ್ಲಿ ಒಂದು ದುಂಡು, ಅದರ ನೆತ್ತಿಯಲ್ಲಿ ಗುಡಿಸು. ರಿ.

ವಿಕಿಸೋರ್ಸಿನಲ್ಲಿ ಪುಸ್ತಕ ಹೇಗೆ ಅಚ್ಚಾಗಿದೆಯೋ ಹಾಗೆಯೇ ಇಡಬೇಕು, ನಮಗೆ ಗೊತ್ತಿದ್ದರೂ ಚುಕ್ಕಿ ತುಂಬುವಂತಿಲ್ಲ. ಅವತ್ತು ರಾತ್ರಿ ಆ ಪುಟದ ಚರ್ಚೆಯ ಜಾಗದಲ್ಲಿ ಕಲ್ಲಿನ ಫೋಟೋ ಹಾಕಿ ಬರೆದೆ: ಇಲ್ಲಿ 'ಬಸರಿಯ ಕಟ್ಟೆ' ಎಂದಿರಬೇಕು, ಊರಿನ ತೆಂಕಣ ಗದ್ದೆ ಬಯಲಿಗೆ ಇಂದಿಗೂ ಇದೇ ಹೆಸರು, ತಿಳಿಸಿದವರು ಅಲ್ಲಿನ ರೈತರು.